ಬಲಕ್ಕೆ ನೋಡಬಾರದ ಹುಡುಗ

ಯಾರನ್ನಾದರೂ ಒಂದು ಸಲ ಚೆನ್ನಾಗಿ ನೋಡಿಬಿಟ್ಟರೆ ಸಾಕು, ಮಾರನೆಯ ದಿನ ಅವರು ನನ್ನ ಮೈಮೇಲೆ ಬಂದುಬಿಡುತ್ತಿದ್ದರು. ಮೈಮೇಲೆ ದೇವರು ಬರುವವರಿಗೆ ಜನ ಕೈಮುಗಿಯುತ್ತಾರೆ. ನನ್ನ ಮೈಮೇಲೆ ಬರುತ್ತಿದ್ದವರು ಗಣಿತದ ಮೇಷ್ಟ್ರು, ಸ್ಕೂಲಿನ ಗಂಟೆ ಹೊಡೆಯುವ ಜವಾನ, ದೇವರಾಜ ಮಾರುಕಟ್ಟೆಯಲ್ಲಿ ಮೊಳ ಹಾಕಿ ಮಲ್ಲಿಗೆ ಮಾರುವಾಕೆ, ನಮ್ಮ ಸ್ವಂತ ತಾತ. ಹಾಗಾಗಿ ನನಗೆ ಕೈಮುಗಿದವರಿಗಿಂತ ನನ್ನ ಕಿವಿ ಹಿಂಡಿದವರೇ ಹೆಚ್ಚು. ಈಗಲೂ ನನ್ನ ಎಡಗಿವಿ ಬಲಗಿವಿಗಿಂತ ಒಂದು ಚೂರು ಉದ್ದ. ಎದುರು ನಿಂತವರ ಬಲಗೈಗೆ ಸಿಗುತ್ತಿದ್ದದ್ದು ಅದೇ.

ಹಾಗೆಂದು ನನ್ನ ರೂಪದ ಬಗ್ಗೆ ನನಗೇನೂ ಭ್ರಮೆ ಇರಲಿಲ್ಲ. ಹೈಸ್ಕೂಲಿನ ಎರಡನೆಯ ವರ್ಷಕ್ಕೆ ಬರುವ ಹೊತ್ತಿಗೆ ನಾನು ಇಡೀ ಕ್ಲಾಸಿಗೆ ಎತ್ತರ, ಇಡೀ ಕ್ಲಾಸಿಗೆ ತೆಳ್ಳಗೆ. ಕೆಡೆಟ್ ದಳಕ್ಕೆ ಸೇರಿ ಖಾಕಿ ಚಡ್ಡಿ ಹಾಕಿಕೊಂಡು ಮೊದಲ ದಿನ ಮನೆಯ ನಿಲುವುಗನ್ನಡಿಯ ಮುಂದೆ ನಿಂತಾಗ, ನುಗ್ಗೇಕಾಯಿಗೆ ಯಾರೋ ಬಟ್ಟೆ ತೊಡಿಸಿ ಗೋಡೆಗೆ ಒರಗಿಸಿದ ಹಾಗೆ ಕಂಡಿತು. ಚಡ್ಡಿಗೆ ಅಮ್ಮ ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟಿದ್ದಳು. ಅದರ ಎರಡು ಕಾಲುಗಳು ಎರಡು ಗಂಟೆಗಳ ಹಾಗೆ ಅಗಲಿಸಿ ನಿಂತಿದ್ದವು, ಒಳಗೆ ನನ್ನ ತೊಡೆಗಳು ಗಂಟೆಯ ನಾಲಗೆಯ ಹಾಗೆ ಓಲಾಡುತ್ತಿದ್ದವು. ಆದರೂ ಎಂಥ ಸಂಭ್ರಮ! ಟೋಪಿಯ ಮೇಲಿನ ಕೆಂಪು ಕುಚ್ಚು ನೆಟ್ಟಗೆ ನಿಲ್ಲಲಿ ಎಂದು ಬೀದಿಯ ತುದಿಯವರೆಗೆ ಕತ್ತು ಅಲ್ಲಾಡಿಸದೆ ನಡೆದೆ. ಖಾಕಿ ತೊಟ್ಟ ಯಾರನ್ನು ಕಂಡರೂ ಸೆಲ್ಯೂಟ್ ಹೊಡೆದೆ. ಮೊದಲು ಅಂಚೆಯವರಿಗೆ, ಆಮೇಲೆ ಬಸ್ಸಿನ ಕಂಡಕ್ಟರಿಗೆ, ಕೊನೆಗೆ ಟಾಕೀಸಿನ ಗೇಟಿನಲ್ಲಿ ಟಿಕೆಟ್ಟು ಹರಿಯುವವನಿಗೆ. ಅವನು ಮಾತ್ರ ತಿರುಗಿ ಸೆಲ್ಯೂಟ್ ಕೊಟ್ಟ. ಆದರೆ ಪುಕ್ಕಟೆ ಒಳಗೆ ಬಿಡಲಿಲ್ಲ.

ನಮಗೆ ಕವಾಯತು ಕಲಿಸಲು ದಂಡಿನಿಂದ ಒಬ್ಬ ಹವಾಲ್ದಾರರು ಬರುತ್ತಿದ್ದರು. ಮಂಡ್ಯದ ಕಡೆಯ ರೈತರ ಮನೆಯವರು. ಆಜ್ಞೆಗಳೆಲ್ಲ ಹಿಂದಿಯಲ್ಲಿ, ಬೈಗುಳವೆಲ್ಲ ಕನ್ನಡದಲ್ಲಿ. ಆಜ್ಞೆ ಕೊಡುವಾಗ ಅವರ ಗಂಟಲಿನ ನರ ಉಬ್ಬುತ್ತಿತ್ತು, ಬೈಯುವಾಗ ಮಾತ್ರ ದನಿ ತೀರ ಮೆತ್ತಗಾಗುತ್ತಿತ್ತು. ಹೊಸದಾಗಿ ಸೇರಿದವರಿಗೆ ಯಾವುದಕ್ಕೆ ಹೆದರಬೇಕು ಎಂದೇ ತಿಳಿಯುತ್ತಿರಲಿಲ್ಲ. ನಮಗೆ ತಿಳಿದಿತ್ತು, ಮೆತ್ತಗಿನದಕ್ಕೆ.

ಬಂದೂಕು ಹಿಡಿಯುವುದನ್ನು ಕಲಿಸುವ ಎಷ್ಟೋ ಮೊದಲು ಅವರು ನಮಗೆ ಕಲಿಸಿದ್ದು ಮರ್ಯಾದೆ. ಅದಕ್ಕೂ ಒಂದು ಲೆಕ್ಕಾಚಾರ. ತಲೆಯ ಮೇಲೆ ಟೋಪಿ ಇದ್ದರೆ ಸೆಲ್ಯೂಟ್, ಬರಿದಲೆಯಲ್ಲಿದ್ದರೆ ಬರೇ ಸಾವಧಾನ್, ಅಂದರೆ ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಲ್ಲುವುದು. ಸೆಲ್ಯೂಟ್ ಮನುಷ್ಯನಿಗಲ್ಲ, ಅವರ ಹುದ್ದೆಗೆ. ಸಂತೆಯಲ್ಲಿ ತಾವೇ ಲುಂಗಿ ಉಟ್ಟು ಸೊಪ್ಪು ಕೊಳ್ಳುತ್ತಿದ್ದರೆ ತಮಗೂ ಬೇಡ, ನಮಸ್ಕಾರ ಸಾಕು, ಸಾಧ್ಯವಾದರೆ ಚೀಲ ಹಿಡಿದುಕೊಳ್ಳಿ ಎಂದಿದ್ದರು. ಎಲ್ಲಕ್ಕಿಂತ ಮುಖ್ಯ ಕಣ್ಣು. ನಾನು ಒಂದು ಸಲ ಸೆಲ್ಯೂಟ್ ಹೊಡೆಯುತ್ತ ಅವರ ಬೂಟು ನೋಡಿದೆ. ಹತ್ತಿರ ಬಂದು, ಆ ಮೆತ್ತಗಿನ ದನಿಯಲ್ಲಿ ಹೇಳಿದರು:

“ಮರ್ವಾದೆ ಅಂದ್ರೆ ಎದ್ರುಗಿರೋರ ಕಣ್ಣು ನೋಡೋದು ಕಣ್ಲಾ. ನೆಲ ನೋಡೋನು ಏನೋ ಬಚ್ಚಿಟ್ಕಂಡವ್ನೆ ಅಂತ.”

ಇದನ್ನು ಮನೆಗೆ ಹೋಗಿ ಅವರದೇ ದನಿಯಲ್ಲಿ ತಾತನ ಮುಂದೆ ಹೇಳಿದೆ. ತಾತ ಅರಮನೆಯ ಕಚೇರಿಯಲ್ಲಿ ಜೀವಮಾನವೆಲ್ಲ ಕೆಲಸ ಮಾಡಿ ನಿವೃತ್ತರಾದವರು. ದರ್ಬಾರಿನಲ್ಲಿ ತಲೆಯೆತ್ತಿ ನೋಡಿದ್ದೇ ಇಲ್ಲ ಎಂಬುದು ಅವರ ದೊಡ್ಡ ಹೆಮ್ಮೆ. ಬಗ್ಗಿ ನಮಸ್ಕರಿಸುವುದು, ಕಣ್ಣು ಪಾದದ ಮೇಲಿಡುವುದು, ಬೆನ್ನು ತೋರಿಸದೆ ಹಿಮ್ಮೊಗವಾಗಿ ಬಾಗಿಲವರೆಗೆ ನಡೆಯುವುದು, ಇವೆಲ್ಲ ಅವರ ಮೈಗೆ ಎಷ್ಟು ಹತ್ತಿಹೋಗಿದ್ದವೆಂದರೆ, ಮನೆಗೆ ಬಂದ ಡಾಕ್ಟರ ಮುಂದಿನಿಂದಲೂ ಅವರು ಹಿಂದಕ್ಕೇ ನಡೆಯುತ್ತಿದ್ದರು. ನನ್ನ ಮಾತು ಕೇಳಿ ಅವರಿಗೆ ಕಾಫಿ ನೆತ್ತಿಗೇರಿತು.

“ದೊಡ್ಡವರ ಮುಖಕ್ಕೆ ಮುಖ ಕೊಟ್ಟು ನೋಡೋದೇನೋ? ಅದನ್ನ ನಾವು ಉದ್ಧಟತನ ಅಂತಿದ್ವಿ. ಈಗ ಅದಕ್ಕೆ ಖಾಕಿ ಬಟ್ಟೆ ಬೇರೆ ಕೊಡ್ತಾರೋ?”

ಒಂದು ವರ್ಷ ಹೀಗೇ ನಡೆಯಿತು. ಮೈದಾನದಲ್ಲಿ ಕಣ್ಣು ಮೇಲೆ, ಮನೆಯಲ್ಲಿ ಕಣ್ಣು ಕೆಳಗೆ. ಕೆಲವು ಸಲ ಅದಲುಬದಲಾಗಿ ಎರಡೂ ಕಡೆ ಬೈಸಿಕೊಂಡೆ.

ನಮ್ಮ ತುಕಡಿಯ ಸಾರ್ಜೆಂಟು ನನ್ನ ಬೆಂಚಿನವನೇ. ದಟ್ಟಗಳ್ಳಿಯ ಹುಡುಗ. ಆಗ ದಟ್ಟಗಳ್ಳಿಯೆಂದರೆ ಊರಾಚೆಯ ರಾಗಿ ಹೊಲಗಳು. ದಿನಾ ಬೆಳಿಗ್ಗೆ ಹಸುಗಳ ಕೆಲಸ ಮುಗಿಸಿ, ಅಪ್ಪನ ದೊಡ್ಡ ಸೈಕಲ್ಲಿನ ಅಡ್ಡಪಟ್ಟಿಯ ಕೆಳಗಿನಿಂದ ಕಾಲು ತೂರಿಸಿ ತುಳಿದುಕೊಂಡು ಬರುತ್ತಿದ್ದ. ಕ್ಲಾಸಿನಲ್ಲಿ ಅವನು ಬಾಯಿ ಬಿಡುತ್ತಿದ್ದದ್ದು ಹಾಜರಿ ಹೇಳಲು ಮಾತ್ರ. ಅದನ್ನೂ ನಾನು ಅವನಿಗಿಂತ ಮೊದಲೇ ಅವನ ದನಿಯಲ್ಲಿ ಹೇಳಿ, ಅವನ ಒಂದೇ ಅವಕಾಶವನ್ನೂ ಕಿತ್ತುಕೊಳ್ಳುತ್ತಿದ್ದೆ. ಆದರೆ ಟೋಪಿ ಏರಿತೆಂದರೆ ಆ ಮೂಕ ಹುಡುಗನ ಹೊಟ್ಟೆಯೊಳಗಿನಿಂದ ಎಂಥ ದನಿ ಬರುತ್ತಿತ್ತು! ಬೆಂಚಿನ ಮೇಲೆ ನಾನು ಅವನನ್ನು ಆಟ ಆಡಿಸುತ್ತಿದ್ದೆ, ಮೈದಾನದಲ್ಲಿ ಅವನು ನನ್ನನ್ನು ಓಡಾಡಿಸುತ್ತಿದ್ದ. ಒಬ್ಬರ ಮೇಲೊಬ್ಬರಿಗೆ ಬಾಕಿ ಉಳಿಯುತ್ತಿರಲಿಲ್ಲ.

ಆ ವರ್ಷದ ಗಣರಾಜ್ಯೋತ್ಸವಕ್ಕೆ ಬನ್ನಿಮಂಟಪದ ಮೈದಾನದಲ್ಲಿ ದೊಡ್ಡ ಪೆರೇಡು, ನಮ್ಮ ಸ್ಕೂಲಿನ ತುಕಡಿಯೂ ಮೊದಲ ಬಾರಿಗೆ ಅದರಲ್ಲಿ ನಡೆಯುತ್ತದೆ, ವಂದನೆ ಸ್ವೀಕರಿಸಲು ದಂಡಿನ ಒಬ್ಬ ಬ್ರಿಗೇಡಿಯರ್ ಸಾಹೇಬರು ಬರುತ್ತಾರೆ ಎಂಬ ಸುದ್ದಿ ಬಂದಾಗ ನಮಗೆ ಊಟ ಸೇರಲಿಲ್ಲ. ಬ್ರಿಗೇಡಿಯರ್ ಎಂಬ ಶಬ್ದವೇ ನಾಲಗೆಯ ಮೇಲೆ ತೋಪು ಉರುಳಿದ ಹಾಗಿತ್ತು. ಅವರು ಯುದ್ಧ ಮಾಡಿದವರಂತೆ. ಗುಂಡೊಂದು ಇನ್ನೂ ತೊಡೆಯೊಳಗೇ ಇದೆಯಂತೆ. ಮಳೆ ಬರುವ ಹಿಂದಿನ ದಿನ ಅದು ಅವರಿಗೆ ಹೇಳುತ್ತದಂತೆ. ಇದನ್ನೆಲ್ಲ ಯಾರು ಯಾರಿಗೆ ಹೇಳಿದರೋ, ನನ್ನ ಕಿವಿಗೆ ಬರುವ ಹೊತ್ತಿಗೆ ಗುಂಡುಗಳು ಮೂರಾಗಿದ್ದವು.

ನಾನು ತಡಮಾಡಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಬೆಂಚಿನ ಮೇಲೆ ಹತ್ತಿ, ಹೆಡ್ಮಾಸ್ಟರ ದನಿಯಲ್ಲಿ ಪ್ರಕಟಣೆ ಹೊರಡಿಸಿದೆ. ಗಣರಾಜ್ಯೋತ್ಸವ ಮುಗಿದ ಸೋಮವಾರ, ಮೇಷ್ಟ್ರಿಲ್ಲದ ಪೀರಿಯಡ್ಡಿನಲ್ಲಿ, ಮಾನ್ಯ ಬ್ರಿಗೇಡಿಯರ್ ಸಾಹೇಬರು ಖುದ್ದಾಗಿ ನಮ್ಮ ಕ್ಲಾಸಿಗೆ ದಯಮಾಡಿಸುತ್ತಾರೆ. ಅವರ ನಡಿಗೆ, ಅವರ ಸೆಲ್ಯೂಟು, ಅವರ ಕೆಮ್ಮು ಎಲ್ಲವನ್ನೂ ಉಚಿತವಾಗಿ ತೋರಿಸಲಾಗುವುದು. ಕ್ಲಾಸು ಮೇಜು ಗುದ್ದಿತು. ಪಕ್ಕದ ಕ್ಲಾಸಿನವರೂ ತಮಗೊಂದಿಷ್ಟು ಜಾಗ ಕೇಳಿದರು. ಆ ದಿನದಿಂದ ನನ್ನ ಮರ್ಯಾದೆಯೆಲ್ಲ ಆ ಸೋಮವಾರದ ಮೇಲೆ ನಿಂತುಬಿಟ್ಟಿತು.

ಮಾರನೆಯ ಸಂಜೆ ಹವಾಲ್ದಾರರು ನಮ್ಮನ್ನು ಸಾಲಾಗಿ ನಿಲ್ಲಿಸಿ, ಎತ್ತರ ನೋಡಿ, ನನ್ನ ಭುಜ ಹಿಡಿದು ಮುಂದಕ್ಕೆ ಎಳೆದು, ಸಾಲಿನ ಬಲ ತುದಿಗೆ ನೆಟ್ಟರು. ನೀನು ರೈಟ್ ಮಾರ್ಕರು ಎಂದರು. ನನಗೆ ಆಕಾಶಕ್ಕೆ ಮೂರೇ ಗೇಣು. ವೇದಿಕೆ ಬರುವುದು ಬಲಗಡೆ, ನಾನಿರುವುದೂ ಬಲ ತುದಿಯಲ್ಲಿ. ಇಡೀ ತುಕಡಿಯಲ್ಲಿ ಬ್ರಿಗೇಡಿಯರಿಗೆ ಎಲ್ಲರಿಗಿಂತ ಹತ್ತಿರ ಹಾದುಹೋಗುವವನು ನಾನು. ಅವರ ಮುಖದ ಸುಕ್ಕುಗಳನ್ನೂ ಎಣಿಸಿಕೊಂಡು ಬರಬಹುದು.

ಆಮೇಲೆ ಅವರು ಮಾರ್ಕರಿನ ಕೆಲಸ ಏನೆಂದು ವಿವರಿಸಿದರು. ವೇದಿಕೆಯ ಮುಂದೆ ಬಂದಾಗ ಸಾರ್ಜೆಂಟು ‘ದಾಹಿನೇ ದೇಖ್’ ಎನ್ನುತ್ತಾನೆ, ಎಲ್ಲರ ಕತ್ತೂ ಬಲಕ್ಕೆ ತಿರುಗಬೇಕು, ಎಲ್ಲರ ಕಣ್ಣೂ ಸಾಹೇಬರ ಕಣ್ಣಲ್ಲಿ ನೆಡಬೇಕು. ಮಾರ್ಕರನ್ನು ಬಿಟ್ಟು.

“ಎಲ್ರೂ ಬಲಕ್ಕೆ ತಿರುಗ್ಬುಟ್ರೆ ದಾರಿ ನೋಡೋರ್ಯಾರ್ಲಾ? ಸಾಲು ಅಂಗೇ ವಾಲ್ಕಂಡು ವಾಲ್ಕಂಡು ಸಾಹೇಬ್ರ ಮಡ್ಲಿಗೇ ಓಯ್ತದೆ. ಒಬ್ಬ ಮುಂದಕ್ಕೆ ನೋಡ್ಕಂಡು ನಡೀಬೇಕು. ಆ ಒಬ್ಬ ನೀನು.”

ಊರಿಗೆಲ್ಲ ಕಾಣುವ ಬ್ರಿಗೇಡಿಯರು ಪಕ್ಕದಲ್ಲೇ ನಡೆದುಹೋಗುವ ನನಗೊಬ್ಬನಿಗೆ ಕಾಣಬಾರದು! ನನ್ನ ಬದಲಿಗೆ ಬೇರೆ ಯಾರನ್ನಾದರೂ ಹಾಕಿ ಎಂದು ಬೇಡಿಕೊಂಡೆ. ಯಾಕೆ ಎಂದರು. ಅಣಕಿಸಬೇಕು ಅಂತ ಹೇಳಲಾಗುತ್ತದೆಯೇ? ಸಾಹೇಬರಿಗೆ ಗೌರವ ಕೊಡುವ ಆಸೆ ಎಂದೆ. ನೀನು ನೋಡದೆ ಇರುವುದೇ ನೀನು ಕೊಡುವ ಗೌರವ ಎಂದರು. ಅರ್ಧ ಕಣ್ಣಾದರೂ, ಎಂದೆ. ಆಗ ದನಿ ತೀರ ಮೆತ್ತಗಾಯಿತು. ಕತ್ತಾಗಲಿ ಕಣ್ಣಾಗಲಿ ಬಲಕ್ಕೆ ಹೊರಳಿದ್ದು ಗೊತ್ತಾದರೆ, ಎಲ್ಲರ ಮುಂದೆ ಬೆಲ್ಟು ಬಿಚ್ಚಿಸಿ ಕಳಿಸುತ್ತೇನೆ ಎಂದರು. ಬೆಲ್ಟು ಬಿಚ್ಚಿಸಿಕೊಂಡವನು ಮತ್ತೆ ಕೆಡೆಟ್ ದಳಕ್ಕೆ ಕಾಲಿಡುವ ಹಾಗಿಲ್ಲ. ಹಿಂದಿನ ವರ್ಷ ಅಂಥ ಒಬ್ಬ, ಜಾರುವ ಚಡ್ಡಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಗೇಟು ದಾಟಿದ್ದನ್ನು ನಾವೆಲ್ಲ ನೋಡಿದ್ದೆವು. ಅದನ್ನು ಅಣಕಿಸಿ ತೋರಿಸಿದ್ದವನೂ ನಾನೇ.

ಮನೆಯಲ್ಲಿ ವಿಷಯ ತಿಳಿದು ತಾತ ಎದ್ದು ಕುಳಿತರು. ಇಷ್ಟು ಜನರಲ್ಲಿ ದೊಡ್ಡವರ ಮುಖ ನೋಡದೆ ಹೋಗುವವನು ನೀನೊಬ್ಬನೇ ಏನೋ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಆ ಹವಾಲ್ದಾರರು ಮನೆತನ ನೋಡಿಯೇ ಆರಿಸಿದ್ದಾರೆ ಎಂದು ಅಮ್ಮನಿಗೆ ಹೇಳಿದರು. ಆರಿಸಿದ್ದು ನನ್ನ ಉದ್ದ ನೋಡಿ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಪೆರೇಡಿನ ಬೆಳಿಗ್ಗೆ ಚಾಮುಂಡಿಬೆಟ್ಟ ಮಂಜು ಹೊದ್ದು ಇನ್ನೂ ಮಲಗಿತ್ತು. ಮೈದಾನದ ಹುಲ್ಲಿನ ಮೇಲೆ ಹನಿ, ನಮ್ಮ ಮಂಡಿಗಳ ಮೇಲೆ ಗುಳ್ಳೆ ಎದ್ದ ಚರ್ಮ, ಚಳಿಗೋ ಹೆದರಿಕೆಗೋ ಹಲ್ಲುಗಳು ತಾವೇ ಕವಾಯತು ಮಾಡುತ್ತಿದ್ದವು. ಜನವೋ ಜನ. ಮರಗಳ ಮೇಲೆ ಹುಡುಗರು, ಗೋಡೆಗಳ ಮೇಲೆ ಹುಡುಗರು, ಐಸ್‌ಕ್ಯಾಂಡಿ ಗಾಡಿಯ ಮೇಲೂ ಒಬ್ಬ. ಪೊಲೀಸ್ ಬ್ಯಾಂಡು ಶುರುವಾದಾಗ ನನ್ನ ಹೊಟ್ಟೆಯೊಳಗೇ ಯಾರೋ ಡ್ರಮ್ಮು ಬಾರಿಸಿದ ಹಾಗಾಯಿತು. ಬ್ರಿಗೇಡಿಯರು ತೆರೆದ ಜೀಪಿನಲ್ಲಿ ಸಾಲುಗಳನ್ನು ನೋಡಲು ಹೊರಟರೆಂದು ಕೂಗು ಎದ್ದಿತು. ಆಗಲಾದರೂ ಎದುರಿಗೆ ಬರುತ್ತಾರೆ, ಕತ್ತು ತಿರುಗಿಸದೆಯೇ ನೋಡಬಹುದು ಎಂದು ಕಣ್ಣು ಬಿಟ್ಟುಕೊಂಡು ಕಾದೆ. ಹೈಸ್ಕೂಲಿನವರು ಕೊನೆಯಲ್ಲಿ. ಜೀಪು ಕಾಲೇಜಿನವರ ತನಕ ಬಂದು, ದೂಳೆಬ್ಬಿಸಿ, ಹಿಂದಕ್ಕೆ ತಿರುಗಿತು. ನನಗೆ ಸಿಕ್ಕಿದ್ದು ದೂಳು.

ಆಮೇಲೆ ನಡಿಗೆ. ನನ್ನ ಹಿಂದೆ ಇಡೀ ಸ್ಕೂಲು, ಮುಂದೆ ಕಾಲೇಜು ಹುಡುಗರ ಕೊನೆಯ ಸಾಲು. ಅದರಲ್ಲೊಬ್ಬನ ಬೂಟಿನ ಹಿಮ್ಮಡಿಗೆ ಕಣ್ಣು ಕಟ್ಟಿಹಾಕಿದೆ. ಎಡಗಾಲು, ಬಲಗಾಲು. ಲಾಳ ಹೊಡೆದ ಬೂಟುಗಳೆಲ್ಲ ಒಂದೇ ಬೂಟಾಗಿ ನೆಲಕ್ಕೆ ಬೀಳುತ್ತಿದ್ದವು. ಆ ಸದ್ದಿನೊಳಗೆ ನಾನು ನುಗ್ಗೇಕಾಯಿ ಎಂಬುದೇ ಮರೆತುಹೋಯಿತು! ಶಾಮಿಯಾನದ ನೆರಳು ಬಲಗಡೆ ಹತ್ತಿರವಾಯಿತು. ಗುಲಾಬಿ ಹಾರದ ವಾಸನೆ ಬಂತು. ದಟ್ಟಗಳ್ಳಿಯ ದನಿ ‘ದಾ...ಹಿನೇ’ ಎಂದು ಎಳೆದು, ‘ದೇಖ್’ ಎಂದು ಕಡಿಯಿತು. ನನ್ನ ಹಿಂದೆ ಗಂಜಿ ಹಾಕಿದ ಕಾಲರುಗಳೆಲ್ಲ ಒಟ್ಟಿಗೆ ಕರ್ ಎಂದವು. ಕೈ ಚಾಚಿದರೆ ಎಂಬಷ್ಟು ದೂರದಲ್ಲಿ ಬ್ರಿಗೇಡಿಯರು. ನನ್ನ ಬಲಗಣ್ಣು ಕಟ್ಟಿದ ಕರುವಿನ ಹಾಗೆ ಹಗ್ಗ ಜಗ್ಗಿತು. ಸೋಮವಾರ ನೆನಪಾಯಿತು, ಮೇಜು ಗುದ್ದಿದ ಸದ್ದು ನೆನಪಾಯಿತು. ಒಂದು ಕ್ಷಣ, ಒಂದೇ ಒಂದು ಕ್ಷಣ ಸಾಕಿತ್ತು.

ನೋಡಲಿಲ್ಲ. ಯಾಕೆ ನೋಡಲಿಲ್ಲ ಎಂದು ಕೇಳಿದರೆ ದೊಡ್ಡ ಉತ್ತರವೇನೂ ನನ್ನಲ್ಲಿಲ್ಲ. ಬೆಲ್ಟಿನ ಭಯ ಸ್ವಲ್ಪ. ಇನ್ನುಳಿದದ್ದು, ಹಿಂದಿದ್ದ ಅಷ್ಟೂ ಜನ ದಾರಿಯನ್ನು ನನಗೊಬ್ಬನಿಗೆ ಬಿಟ್ಟುಕೊಟ್ಟು ಕಣ್ಣು ತಿರುಗಿಸಿದ್ದಾರೆ ಎಂಬುದು ಬೆನ್ನಿಗೆ ತಗುಲುತ್ತಿತ್ತು. ನನ್ನನ್ನು ಯಾರೂ ಅದುವರೆಗೆ ಯಾವುದಕ್ಕೂ ನಂಬಿರಲಿಲ್ಲ. ಆ ರುಚಿ ಹೊಸದು. ‘ಸಾಮನೇ ದೇಖ್’ ಎಂದು ಕೇಳಿದಾಗ ಎಲ್ಲರ ಕಣ್ಣೂ ಮುಂದಕ್ಕೆ ಬಂದವು, ನನ್ನವು ಅಲ್ಲೇ ಇದ್ದವು. ಸಾಲು ದಾರ ಹಿಡಿದ ಹಾಗೆ ನೆಟ್ಟಗಿತ್ತೆಂದು ಆಮೇಲೆ ಎಲ್ಲರೂ ಹೇಳಿದರು.

ಸೋಮವಾರ ಬಂದೇಬಿಟ್ಟಿತು. ಸಂಜೆ ಕವಾಯತು ಇದ್ದದ್ದರಿಂದ ಕೆಡೆಟ್‌ಗಳೆಲ್ಲ ಖಾಕಿಯಲ್ಲೇ ಕ್ಲಾಸಿಗೆ ಬಂದಿದ್ದೆವು. ನಾನು ನೋಡಿಲ್ಲ ಎಂದು ಒಪ್ಪಿಕೊಂಡರೆ ಆ ವರ್ಷವೆಲ್ಲ ನಗೆಪಾಟಲು. ಆದ್ದರಿಂದ ಬೆಳಗಿನಿಂದಲೇ ಉಪಾಯ ಹೂಡಿದೆ. ನೋಡಿದವರನ್ನು ಒಬ್ಬೊಬ್ಬರಾಗಿ ನೀರಿನ ತೊಟ್ಟಿಯ ಹತ್ತಿರ ಹಿಡಿದು, ಪರೀಕ್ಷೆ ಮಾಡುವವನ ಗತ್ತಿನಲ್ಲಿ, ನೀನು ಸರಿಯಾಗಿ ನೋಡಿದೆಯೋ ಇಲ್ಲವೋ ಹೇಳು ನೋಡೋಣ ಎಂದು ಕೇಳಿದೆ. ಒಬ್ಬ ಮೀಸೆ ಎಂದ, ಕಿವಿಯ ತನಕ ಬಂದ ಬಿಳಿ ಮೀಸೆ. ಇನ್ನೊಬ್ಬ, ಆನೆಯಂಥ ಆಳು, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ ಎಂದ. ಮತ್ತೊಬ್ಬನಿಗೆ ಆ ಪಟ್ಟಿಯ ಮೇಲೆ ಅಂಗೈ ಅಗಲದ ಪದಕ ಕಂಡಿತ್ತು. ಯುದ್ಧದಲ್ಲಿ ಕೊಟ್ಟದ್ದೇ ಇರಬೇಕು, ಅಷ್ಟು ದೊಡ್ಡದು ಸುಮ್ಮನೆ ಕೊಡುವುದಿಲ್ಲ ಎಂದ. ಎರಡೂ ಕೈ ಕಟ್ಟಿಕೊಂಡು, ಗದ್ದ ಎತ್ತಿ, ಕಂಬದ ಹಾಗೆ ನಿಂತಿದ್ದರಂತೆ. ಸಾರ್ಜೆಂಟನನ್ನು ಕೇಳಿದೆ. ಅವನು ಯೋಚಿಸಿ, ಮೀಸೆ ಜೋರಾಗೈತೆ ಎಂದಷ್ಟೇ ಹೇಳಿ ನೀರು ಕುಡಿಯಲು ಬಗ್ಗಿದ.

ಇಷ್ಟು ಸಿಕ್ಕಿದರೆ ನನಗೆ ಬೇರೇನು ಬೇಕು? ಪೀರಿಯಡ್ಡು ಶುರುವಾಯಿತು. ಬಾಗಿಲಲ್ಲಿ ಪಕ್ಕದ ಕ್ಲಾಸಿನ ತಲೆಗಳು ದ್ರಾಕ್ಷಿ ಗೊಂಚಲಿನ ಹಾಗೆ ತೂಗಿದವು. ನಾನು ಮೇಷ್ಟ್ರ ಕಟ್ಟೆಯ ಮೇಲೆ ಹತ್ತಿದೆ. ಹತ್ತುವಾಗಲೇ ತೊಡೆಯ ಗುಂಡು ಚುಚ್ಚಿದ ಹಾಗೆ ಒಂದು ಕಾಲು ಎಳೆದೆ. ಮೆಲ್ಲನೆ ಎದೆ ಉಬ್ಬಿಸಿದೆ, ಇದ್ದಷ್ಟನ್ನು. ಗದ್ದ ಎತ್ತಿ, ಇಡೀ ಕ್ಲಾಸನ್ನು ಆ ತುದಿಯಿಂದ ಈ ತುದಿಗೆ ಒಂದು ತೋಪಿನ ಬಾಯಿಯ ಹಾಗೆ ನೋಡಿದೆ. ಆಮೇಲೆ ಇಲ್ಲದ ಮೀಸೆಯನ್ನು ಎಡಗಡೆಯಿಂದ ಹಿಡಿದು, ಬೆರಳಿಗೆ ಸುತ್ತಿ, ಕಿವಿಯ ಹಿಂದೆ ಸಿಕ್ಕಿಸಿದೆ. ಕ್ಲಾಸು ಬಿದ್ದೂ ಬಿದ್ದೂ ನಕ್ಕಿತು! ಪೆರೇಡಿನಲ್ಲಿ ನಡೆದವರಂತೂ ಅವರೇ, ಅವರೇ ಕಣೋ, ಥೇಟ್ ಅವರೇ ಎಂದು ಬೆಂಚುಗಳನ್ನು ಒಡೆಯುವುದೊಂದು ಬಾಕಿ. ನನಗೂ ಮೈಮೇಲೆ ಬಂದುಬಿಟ್ಟಿತ್ತು. ನಾನು ಅವರನ್ನು ನೋಡಿಯೇ ಇಲ್ಲ ಎಂಬುದು ನನಗೇ ನೆನಪಿರಲಿಲ್ಲ.

ಬಾಗಿಲಿನ ದ್ರಾಕ್ಷಿ ಗೊಂಚಲು ಇದ್ದಕ್ಕಿದ್ದಂತೆ ಚದುರಿತು. ಅಲ್ಲಿ ಹವಾಲ್ದಾರರು ನಿಂತಿದ್ದರು. ಸಂಜೆಯ ಕವಾಯತಿನ ಮಾತು ಹೇಳಲು ಬಂದವರು ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಳಗೆ ಬಂದರು. ನಾನು ಮೀಸೆಯಿಂದ ಕೈ ತೆಗೆದು ಸಾವಧಾನ್ ಆದೆ.

ಬ್ರಿಗೇಡಿಯರ್ ಸಾಹೇಬರಾ ಎಂದು ಕೇಳಿದರು. ಹೌದು ಎಂದೆ. ಎಲ್ಲಿ ನೋಡಿದೆ ಎಂದರು. ದನಿ ಎಷ್ಟು ಮೆತ್ತಗಿತ್ತೆಂದರೆ ಹಿಂದಿನ ಬೆಂಚಿನವರು ಮುಂದಕ್ಕೆ ಬಾಗಿ ಕೇಳಿಸಿಕೊಂಡರು.

“ನೋಡಿಲ್ಲ ಸಾರ್.”

“ನೋಡ್ದೆ ಇಂಗೆ ಮಾಡಕ್ಕಾಯ್ತದಾ? ಕತ್ತು ತಿರುಗಿಸ್ದೆ ಕಣ್ಣು ಒರಳ್ಸೋ ಕಳ್ಳಾಟ ನಾನೂ ಕಂಡಿವ್ನಿ. ಬಿಚ್ಚು ಬೆಲ್ಟ.”

ನಾನು ಕ್ಲಾಸಿನ ಕಡೆ ನೋಡಿದೆ. ಸಹಾಯಕ್ಕೆ ಯಾರಾದರೂ ಬಾಯಿ ಬಿಡಬೇಕಿತ್ತು, ಬಿಟ್ಟರು ಕೂಡ. ಇವನು ನೋಡಿಲ್ಲದೆ ಇರಲು ಸಾಧ್ಯವೇ ಇಲ್ಲ ಸಾರ್, ಒಂದು ಕೂದಲೂ ವ್ಯತ್ಯಾಸವಿಲ್ಲ ಎಂದು ಮುಂದಿನ ಬೆಂಚಿನವನೊಬ್ಬ ನನ್ನನ್ನು ಹೊಗಳುವ ಉತ್ಸಾಹದಲ್ಲಿ ಎದ್ದು ನಿಂತು ಹೇಳಿದ. ಹೌದು ಸಾರ್, ಹೌದು ಸಾರ್ ಎಂದು ಖಾಕಿ ಬೆಂಚುಗಳೆಲ್ಲ ದನಿಗೂಡಿಸಿದವು. ನನ್ನ ಜೀವಮಾನದಲ್ಲಿ ಅಂಥ ಚಪ್ಪಾಳೆ ಸಿಕ್ಕಿರಲಿಲ್ಲ. ಅದೇ ಚಪ್ಪಾಳೆ ಈಗ ನನ್ನ ಬೆಲ್ಟಿಗೆ ಕೈ ಹಾಕಿತ್ತು. ಅಣಕ ಚೆನ್ನಾಗಿತ್ತು ಎಂದರೆ ಮಾರ್ಕರು ಕಳ್ಳ. ಮಾರ್ಕರು ಪ್ರಾಮಾಣಿಕ ಎಂದರೆ ಅಣಕ ಸುಳ್ಳು. ಎರಡರಲ್ಲಿ ಒಂದನ್ನು ಬಿಡಲೇಬೇಕಾಗಿತ್ತು.

“ಕಟ್ಟುಕತೆ ಸಾರ್,” ಎಂದೆ. “ಇವರನ್ನೆಲ್ಲ ಕೇಳಿ ಜೋಡಿಸ್ಕೊಂಡೆ. ನಾನು ಕಂಡಿದ್ದು ಕಾಲೇಜು ಹುಡುಗನ ಬೂಟಿನ ಹಿಮ್ಮಡಿ ಅಷ್ಟೇ.”

ಕ್ಲಾಸಿನಲ್ಲಿ ಒಂದು ನಿಟ್ಟುಸಿರು ಹಾದುಹೋಯಿತು. ಹವಾಲ್ದಾರರು ಬೆಲ್ಟಿನ ಕಡೆಗೇ ನೋಡುತ್ತಿದ್ದರು. ನಾನು ಹಿತ್ತಾಳೆಯ ಕೊಕ್ಕೆಗೆ ಬೆರಳು ಹಾಕಿದೆ. ಅಷ್ಟರಲ್ಲಿ ಅವರು, ಆಗ ಮಾಡಿದ್ದನ್ನು ಇನ್ನೊಂದು ಸಲ ಮಾಡು ಎಂದರು. ಕಾಲು ಎಳೆದೆ, ಗದ್ದ ಎತ್ತಿದೆ, ಕೈ ಮೀಸೆಗೆ ಹೋಯಿತು. ನಿಲ್ಲು ಎಂದರು.

“ಅದೇನ್ಲಾ ಅದು, ಮೂಗಿನ ತಾವ?”

“ಮೀಸೆ ಸಾರ್.”

“ಬ್ರಿಗೇಡಿಯರ್ ಸಾಹೇಬ್ರಿಗೆ ಮೀಸೆನೇ ಇಲ್ವಲ್ಲಾ.”

ಹವಾಲ್ದಾರರು ಆ ಸಾಹೇಬರ ಕೈಕೆಳಗೇ ಕೆಲಸ ಮಾಡಿದವರು. ಅವರದು ನುಣ್ಣಗೆ ಬೋಳಿಸಿದ ಮುಖ, ಗಿಡ್ಡ ಆಳು, ನಿನ್ನ ಭುಜಕ್ಕೆ ಬರಬಹುದು ಎಂದರು. ಪೆರೇಡಿನ ದಿನ ಶಾಮಿಯಾನದ ನೆರಳಿನಲ್ಲಿ, ನಡು ಮಧ್ಯದಲ್ಲಿ, ಹೂಕುಂಡಗಳ ಹಿಂದೆ ನಿಂತು ಸೆಲ್ಯೂಟ್ ತೆಗೆದುಕೊಂಡರಂತೆ. ಹವಾಲ್ದಾರರು ನನ್ನನ್ನು ಬಿಟ್ಟು ಬೆಂಚುಗಳ ಕಡೆ ತಿರುಗಿದರು. ಮೀಸೆ ಕಂಡವನು ಯಾರು, ಕೆಂಪು ಪಟ್ಟಿ ಕಂಡವನು ಯಾರು, ಪದಕ ಕಂಡವನು ಯಾರು ಎಂದು ಒಂದೊಂದಾಗಿ ಕೇಳಿದರು. ಒಬ್ಬೊಬ್ಬನೇ ಎದ್ದು ನಿಂತ. ತಲೆ ಮೇಲೆ ಏನಿತ್ತು ಎಂದು ಕೇಳಿದಾಗ ಒಬ್ಬ ತಡವರಿಸಿ, ಜರಿ ಇತ್ತು ಸಾರ್, ಪೇಟದ ಥರ ಎಂದ.

ನನಗೆ ಆಗ ಹೊಳೆಯಿತು. ಮೈಸೂರಿನಲ್ಲಿ ಬೆಳೆದ ಯಾರಿಗೆ ಗೊತ್ತಿಲ್ಲ? ಬಿಳಿ ನಿಲುವಂಗಿ, ಜರಿ ಪೇಟ, ಎದೆಗೆ ಅಡ್ಡ ಕೆಂಪು ಪಟ್ಟಿ, ಪಟ್ಟಿಯ ಮೇಲೆ ಹಿತ್ತಾಳೆ ಬಿಲ್ಲೆ. ಡಿ.ಸಿ. ಸಾಹೇಬರ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಬಿಡುವ ದಫ಼ೇದಾರರು. ಡಿ.ಸಿ. ಸಾಹೇಬರ ಜೊತೆ ಬಂದು, ವೇದಿಕೆಯ ಮೆಟ್ಟಿಲ ಮೂಲೆಯಲ್ಲಿ, ಬಿಸಿಲಿನಲ್ಲಿ ಫಳಫಳ ಹೊಳೆಯುತ್ತ ನಿಂತಿದ್ದಾರೆ. ‘ದೇಖ್’ ಎಂದ ಕೂಡಲೇ ಎದೆ ಹೊಡೆದುಕೊಳ್ಳುತ್ತಿದ್ದ ನಮ್ಮ ಹುಡುಗರಿಗೆ ಮೊದಲು ಕಂಡ ಗಂಭೀರ ಮುಖ ಅದೇ. ಅದರಲ್ಲೇ ಕಣ್ಣು ನೆಟ್ಟು, ಅದನ್ನೇ ನೋಡಿಕೊಂಡು ವೇದಿಕೆ ದಾಟಿಬಿಟ್ಟಿದ್ದಾರೆ. ಇಡೀ ಸ್ಕೂಲಿನ ಗೌರವವನ್ನು ದಫ಼ೇದಾರರು ಕಣ್ಣು ಮಿಟುಕಿಸದೆ ಸ್ವೀಕರಿಸಿದ್ದಾರೆ. ಹೂಕುಂಡಗಳ ಹಿಂದೆ ಕೈ ಎತ್ತಿ ನಿಂತಿದ್ದ ಗಿಡ್ಡ ಮನುಷ್ಯರಿಗೆ ನಮ್ಮ ಕಡೆಯಿಂದ ಸಿಕ್ಕಿದ್ದು ಕೆನ್ನೆಗಳು ಮಾತ್ರ.

ಹವಾಲ್ದಾರರ ಗಂಟಲಿನ ನರ ಉಬ್ಬಿತು. ಆಜ್ಞೆ ಬರುತ್ತದೆಂದುಕೊಂಡೆವು. ಬಂದದ್ದು ನಗು. ಅವರು ನಕ್ಕದ್ದನ್ನು ನಾವು ನೋಡಿದ್ದೇ ಅವತ್ತು, ಕೋಟಿನ ಗುಂಡಿ ಹಿಡಿದುಕೊಂಡು, ಸದ್ದಿಲ್ಲದೆ, ಭುಜ ಮಾತ್ರ ಕುಣಿಸಿ. ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿ, ಕೊಕ್ಕೆ ಹಾಕಿಕೊ, ಮಾರ್ಕರು ನೀನೇ ಎಂದರು. ಆಮೇಲೆ ದನಿ ತುಂಬಾ ಮೆತ್ತಗೆ ಮಾಡಿ, ಉಳಿದವರು ಹೊರಕ್ಕೆ ನಡೀರಿ ಎಂದರು.

ಮೈದಾನದಲ್ಲಿ ನನ್ನನ್ನು ಧ್ವಜದ ಕಟ್ಟೆಯ ಮೇಲೆ ಹತ್ತಿಸಿ, ಸೆಲ್ಯೂಟಿನಲ್ಲಿ ಕೈ ಎತ್ತಿಸಿ ನಿಲ್ಲಿಸಿದರು. ತುಕಡಿ ನನ್ನ ಮುಂದಿನಿಂದ ಹಾದುಹೋಗಬೇಕು, ‘ದೇಖ್’ ಎಂದಾಗ ನನ್ನ ಮುಖವನ್ನು ನೋಡಬೇಕು, ಆ ತುದಿಗೆ ಹೋಗಿ ನನ್ನ ಮುಖದಲ್ಲಿ ಏನೇನಿದೆ ಹೇಳಬೇಕು. ಯಾವನೇ ಒಬ್ಬ ತಪ್ಪು ಹೇಳಿದರೂ ಎಲ್ಲರಿಗೂ ಮೈದಾನಕ್ಕೆ ಒಂದು ಸುತ್ತು ಓಟ. ನಾನು ಅಲುಗುವ ಹಾಗಿಲ್ಲ, ನಗುವ ಹಾಗಿಲ್ಲ. ನಕ್ಕರೆ ನಾನೂ ಅವರ ಜೊತೆಗೆ ಓಡಬೇಕು.

ಬಂದರು. ನನ್ನ ದೆಸೆಯಿಂದ ನಗೆಗೆ ಈಡಾದವರೆಲ್ಲ ಸಾಲಾಗಿ ಬಂದರು. ಕತ್ತುಗಳು ತಿರುಗಿದವು, ಕಣ್ಣುಗಳು ನನ್ನಲ್ಲಿ ನೆಟ್ಟವು, ಹವಾಲ್ದಾರರಿಗೆ ಕಾಣದ ಕಡೆಯ ಅರ್ಧ ಮುಖದಲ್ಲಿ ಒಬ್ಬೊಬ್ಬನೂ ನನ್ನನ್ನೇ ಮಾಡಿ ತೋರಿಸಿದ. ಒಬ್ಬ ನನ್ನ ಉದ್ದ ಕಿವಿ, ಒಬ್ಬ ನನ್ನ ಒಳಸೇರಿದ ಕೆನ್ನೆ, ಇನ್ನೊಬ್ಬ ಪ್ರಕಟಣೆ ಹೊರಡಿಸುವಾಗಿನ ನನ್ನ ಬಾಯಿ. ಇಷ್ಟು ಚೆನ್ನಾಗಿ ಅಣಕಿಸುವವರು ನಮ್ಮ ಕ್ಲಾಸಿನಲ್ಲಿ ಇಷ್ಟು ಜನ ಇದ್ದರೆಂದು ನನಗೆ ತಿಳಿದೇ ಇರಲಿಲ್ಲ! ತುಟಿ ಕಚ್ಚಿಕೊಂಡೆ. ಕೊನೆಗೆ ಸಾರ್ಜೆಂಟು ಬಂದ. ಜೀವಮಾನದಲ್ಲಿ ತಮಾಷೆ ಮಾಡಿದವನಲ್ಲ. ನೆಟ್ಟಗೆ ಸೆಲ್ಯೂಟ್ ಹೊಡೆದ, ನನ್ನ ಕಣ್ಣಲ್ಲಿ ಕಣ್ಣಿಟ್ಟ, ಒಂದು ಕಾಲನ್ನು ಗುಂಡು ಹೊಕ್ಕವನ ಹಾಗೆ ಒಂದೇ ಒಂದು ಹೆಜ್ಜೆಯಷ್ಟು ಎಳೆದು ಮುಂದೆ ಹೋದ.

ನಾನು ನಗಲಿಲ್ಲ ಎಂದೇ ಬರೆಯುತ್ತಿದ್ದೆ. ಆದರೆ ಆ ಸಾಲಿನಲ್ಲಿದ್ದವರೆಲ್ಲ ಗಟ್ಟಿಮುಟ್ಟಾಗಿ ಮೈಸೂರಿನಲ್ಲೇ ಇದ್ದಾರೆ, ಓದಲೂ ಬರುತ್ತದೆ. ಹೊತ್ತು ಮುಳುಗುವ ತನಕ ಅವರ ಜೊತೆಯಲ್ಲೇ ಓಡಿದೆ, ಬಲ ತುದಿಯಲ್ಲಿ, ಮುಂದಕ್ಕೆ ನೋಡಿಕೊಂಡು.